ಸಾಗರವೋ, ವಿರಳವೋ? ಮೊದಲು ತೀರ್ಮಾನಿಸಿ

ಪ್ರಿಯರೇ,

ಚಂದ್ರಯಾನ-3ರ ರಂಭಾ ಉಪಕರಣದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಕಾಗುಣಿತದ ತಪ್ಪಿಲ್ಲ, ಗಡುವಿಗೆ ಮೊದಲೇ ತಲುಪಿದೆ. ಸಂತೋಷ. ಇನ್ನು ಜಗಳ.

ನಿಮ್ಮ ಮೊದಲ ಸಾಲು: "ದೇವಲೋಕದ ನರ್ತಕಿ ರಂಭೆ ಚಂದ್ರನ ಅಂಗಳದಲ್ಲಿ ಹೆಜ್ಜೆ ಹಾಕಿದಳು." ಇಲ್ಲ ರೀ, ಹಾಕಲಿಲ್ಲ. ರಂಭಾ ಅನ್ನೋದು ಒಂದು ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು, ಅಷ್ಟೇ. ವಿಕ್ರಮ್ ಲ್ಯಾಂಡರ್ ಮೇಲೆ ಇದ್ದದ್ದು ಲ್ಯಾಂಗ್ಮೂರ್ ಪ್ರೋಬ್, ಅಂದರೆ ಸುತ್ತಲಿನ ಎಲೆಕ್ಟ್ರಾನ್‌ಗಳನ್ನು ಅಳೆಯುವ, 5 ಸೆಂಟಿಮೀಟರ್ ಅಗಲದ ಲೋಹದ ಗುಂಡು. ದೊಡ್ಡ ನಿಂಬೆಹಣ್ಣಿನಷ್ಟು. ಲ್ಯಾಂಡರ್‌ನ ಮೈಯಿಂದಾಗಿ ಅಳತೆ ಕೆಡಬಾರದು ಅಂತ ಅದನ್ನು ಒಂದು ಮೀಟರ್ ಉದ್ದದ ಕೋಲಿನ ತುದಿಯಲ್ಲಿ ದೂರ ಚಾಚಿದ್ದರು.

ಎರಡನೇ ಸಾಲು: "ಮಾಪನ ಕಾರ್ಯವನ್ನು ಯಶಸ್ವಿಯಾಗಿ ಕೈಗೊಳ್ಳಲಾಯಿತು." ಹೇಗೆ? ಕಥೆ ಇರೋದೇ ಅಲ್ಲಿ. ಗುಂಡಿನ ವೋಲ್ಟೇಜನ್ನು ಮೈನಸ್ 12ರಿಂದ ಪ್ಲಸ್ 12ರವರೆಗೆ, 0.1 ವೋಲ್ಟ್‌ನಂತೆ ಏರಿಸುತ್ತಾ ಹೋಗುತ್ತಾರೆ. ಮೈನಸ್ ಇದ್ದಾಗ ಎಲೆಕ್ಟ್ರಾನ್‌ಗಳು ದೂರ ಸರಿಯುತ್ತವೆ. ಪ್ಲಸ್ ಆದಂತೆಲ್ಲ ಬಂದು ಮುತ್ತುತ್ತವೆ. ಆಗ ಹರಿಯುವ ಕರೆಂಟ್ ನೋಡಿ ಸುತ್ತ ಎಷ್ಟು ಎಲೆಕ್ಟ್ರಾನ್ ಇವೆ ಅಂತ ಲೆಕ್ಕ ಹಾಕುತ್ತಾರೆ. ಆ ಕರೆಂಟೋ, ಪಿಕೊಆಂಪಿಯರ್‌ಗಳಲ್ಲಿ! ಒಂದು ಆಂಪಿಯರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು. ಇಷ್ಟು ಕೈಯಲ್ಲಿಟ್ಟುಕೊಂಡು ನರ್ತಕಿ ಯಾಕೆ ಬೇಕಿತ್ತು?

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಮುಂದೆ. "ಒಂದು ಘನ ಮೀಟರಿನಲ್ಲಿ 50 ಲಕ್ಷದಿಂದ 3 ಕೋಟಿ ಎಲೆಕ್ಟ್ರಾನ್‌ಗಳ ದಟ್ಟ ಸಾಗರ" ಅಂತೀರಿ. ನಾಲ್ಕು ಸಾಲು ಕೆಳಗೆ, "ಪ್ಲಾಸ್ಮಾ ವಿರಳವಾಗಿರುವುದರಿಂದ ರೇಡಿಯೊ ಸಂಪರ್ಕಕ್ಕೆ ಅಡಚಣೆ ಕಡಿಮೆ" ಅಂತೀರಿ. ಪ್ಲಾಸ್ಮಾ ಅಂದರೆ ಇದೇ ಎಲೆಕ್ಟ್ರಾನ್‌ಗಳೂ ವಿದ್ಯುದಂಶವುಳ್ಳ ಪರಮಾಣುಗಳೂ ಬೆರೆತ ಅನಿಲ. ಎರಡೂ ಹೇಗೆ ಸರಿ? ಕೋಟಿ ಕಂಡ ಕೂಡಲೇ ಸಾಗರ ಅಂದುಬಿಟ್ಟಿರಿ, ಅಲ್ವಾ? ಹತ್ತು ಲಕ್ಷದಿಂದ ಭಾಗಿಸಿ ನೋಡಿ. ಒಂದು ಘನ ಸೆಂಟಿಮೀಟರಿಗೆ 5ರಿಂದ 30 ಎಲೆಕ್ಟ್ರಾನ್. ನೀವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗಕ್ಕೆ 25ರ ಮುಂದೆ 18 ಸೊನ್ನೆ ಹಾಕಿದಷ್ಟು ಅಣುಗಳಿವೆ. ಅದೂ ಅಲ್ಲದೆ, ನಿಮ್ಮ ಅಂಕಿ ಇಸ್ರೋ 2023ರ ಆಗಸ್ಟ್‌ನಲ್ಲಿ ಕೊಟ್ಟ ಮೊದಲ ಅಂದಾಜು. ಆಮೇಲೆ ಪೂರ್ತಿ ವಿಶ್ಲೇಷಣೆ ಮಾಡಿದಾಗ ಬಂದದ್ದು ಘನ ಸೆಂಟಿಮೀಟರಿಗೆ 380ರಿಂದ 600. ಮೊದಲಿಗಿಂತ ಎಷ್ಟೋ ಜಾಸ್ತಿ, ಆದರೂ ಸಾಗರ ಅಲ್ಲ.

ನಾನೂ ಹೀಗೇ ಬರೆಯುತ್ತಿದ್ದೆ. ಡೆಸ್ಕಿಗೆ ಸೇರಿದ ಮೊದಲ ಮಳೆಗಾಲ. "ಕೆಆರ್‌ಎಸ್‌ಗೆ ಸಾವಿರಾರು ಕ್ಯೂಸೆಕ್ ನೀರು" ಅಂತ ಬರೆದುಕೊಟ್ಟೆ. ನಮ್ಮ ಹಿರಿಯ ಉಪಸಂಪಾದಕರು ಕನ್ನಡಕ ಹಣೆಗೇರಿಸಿ ಕೇಳಿದರು: "ಒಂದು ಕ್ಯೂಸೆಕ್ ಅಂದ್ರೆ ಎಷ್ಟು ಕೊಡ ಕಣಯ್ಯಾ?" ನಾನು ಬೆಪ್ಪಾಗಿ ನಿಂತೆ. "ಲೆಕ್ಕ ಹಾಕ್ಕೊಂಡು ಬಾ, ಆಮೇಲೆ ಟೀ." ಸೆಕೆಂಡಿಗೆ ಸುಮಾರು 28 ಲೀಟರ್, ಹತ್ತಿರಹತ್ತಿರ ಎರಡು ಕೊಡ. ಅಂದು ಟೀ ಆರಿಹೋಗಿತ್ತು. ಇವತ್ತಿಗೂ ಕ್ಯೂಸೆಕ್ ಅಂದರೆ ನನ್ನ ಕಣ್ಣಿಗೆ ಸೊಂಟದ ಮೇಲಿನ ಕೊಡಗಳೇ ಬರುತ್ತವೆ.

ಬಿಸಿಲು ಬಿದ್ದಾಗ ಚಂದ್ರನ ನೆಲದಿಂದ ಎಲೆಕ್ಟ್ರಾನ್‌ಗಳು ಕಿತ್ತು ಬರುವ ವಿಷಯವನ್ನು ಕೊನೆಯ ಪ್ಯಾರಾದಲ್ಲಿ ಅರ್ಧ ಸಾಲಿಗೆ ಮುಗಿಸಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ. 600 ಪದ ಸಾಕು. ಮುಂದಿನ ಶುಕ್ರವಾರದೊಳಗೆ ಕಳಿಸಿ, ರಂಭೆಯನ್ನು ಬಿಟ್ಟು.