ಗೇಟು ಮುಚ್ಚಿದರೆ ಖರ್ಚೂ ನಿಲ್ಲುತ್ತಲ್ಲ, ಮತ್ತೆ ಕೋವಿಡ್‌ನಲ್ಲಿ ಡಿಸ್ನಿ ಪಾರ್ಕುಗಳು ಅಷ್ಟು ಜನರನ್ನು ತೆಗೆದಿದ್ದೇಕೆ?

ಖರ್ಚು ನಿಲ್ಲುವುದಿಲ್ಲ, ಆದಾಯ ನಿಲ್ಲುತ್ತದೆ. ಟಿಕೆಟ್, ಪಾರ್ಕಿಂಗ್, ಊಟ-ತಿಂಡಿ, ಗೊಂಬೆ, ಹೋಟೆಲ್ ರೂಮು ಎಲ್ಲವೂ ಒಟ್ಟಿಗೇ ಸೊನ್ನೆ. ಆದರೆ ಖಾಲಿ ರೋಲರ್ ಕೋಸ್ಟರನ್ನೂ ಆಗಾಗ ಓಡಿಸಿ ನೋಡಬೇಕು, ಇಲ್ಲವಾದರೆ ಬೇರಿಂಗು, ಬ್ರೇಕು ಕೈಕೊಡುತ್ತವೆ. ಕೊಳಗಳ ನೀರು ಸೋಸುತ್ತಲೇ ಇರಬೇಕು, ಬಿಟ್ಟರೆ ಪಾಚಿ. ಫ್ಲಾರಿಡಾದ ಅನಿಮಲ್ ಕಿಂಗ್‌ಡಮ್‌ನ ಆನೆ, ಜಿರಾಫೆಗಳಿಗೆ ಲಾಕ್‌ಡೌನ್ ಗೊತ್ತೇ? ಮೇವು ಹಾಕಲೇಬೇಕು. ಬೇಗ ಕತ್ತರಿಸಲು ಸಿಗುವುದು ಸಂಬಳವೇ.

ಅಮೆರಿಕದ ಪಾರ್ಕುಗಳು ಮುಚ್ಚಿದ್ದು 2020ರ ಮಾರ್ಚ್ ಮಧ್ಯದಲ್ಲಿ. ಏಪ್ರಿಲ್‌ನಲ್ಲಿ ‘ಫರ್ಲೋ’ ಬಂತು. ಅಂದರೆ ಕೆಲಸ ಹೋಗಿಲ್ಲ, ಸಂಬಳವೂ ಇಲ್ಲ, ಆರೋಗ್ಯ ವಿಮೆ ಮಾತ್ರ ಮುಂದುವರಿಯುತ್ತದೆ. ಫ್ಲಾರಿಡಾದಲ್ಲಿ ನಿರುದ್ಯೋಗ ಭತ್ಯೆ ವಾರಕ್ಕೆ ಹೆಚ್ಚೆಂದರೆ 275 ಡಾಲರ್. ಅದರ ಮೇಲೆ ಕೇಂದ್ರ ಸರ್ಕಾರ ಕೊಡುತ್ತಿದ್ದ 600 ಡಾಲರ್ ಜುಲೈ ಕೊನೆಗೆ ನಿಂತಿತು. ಮನೆ ಬಾಡಿಗೆ ಕಟ್ಟುವವರಿಗೆ ನಿಜವಾದ ಪೆಟ್ಟು ಬಿದ್ದದ್ದು ಆಗ. ಸೆಪ್ಟೆಂಬರ್‌ನಲ್ಲಿ 28,000 ಮಂದಿಯನ್ನು ತೆಗೆಯುವ ಘೋಷಣೆಯಾಯಿತು, ಸುಮಾರು 67% ಅರೆಕಾಲಿಕರು. ನವೆಂಬರ್ ಹೊತ್ತಿಗೆ ಲೆಕ್ಕ 32,000ಕ್ಕೆ ಏರಿತು.

ತೆರೆದ ಕೂಡಲೇ ಎಲ್ಲರನ್ನೂ ವಾಪಸ್ ಕರೆಯಲೂ ಆಗದು. ಆರು ಅಡಿ ಅಂತರಕ್ಕೆಂದು ಸಾಲು ಬಿಟ್ಟು ಸಾಲು ಕೂರಿಸಿದರೆ ರೈಡು ಅದೇ ಕರೆಂಟು, ಅದೇ ಆಪರೇಟರುಗಳಲ್ಲಿ ಅರ್ಧ ಜನರನ್ನಷ್ಟೇ ಒಯ್ಯುತ್ತದೆ. ಮೆರವಣಿಗೆ, ಬಾಣಬಿರುಸು ಗುಂಪು ಸೇರಿಸುತ್ತವೆಂದು ಬಂದ್ ಆಗಿದ್ದವು. ಹಾಗಾಗಿ ಕಲಾವಿದರ ಸರದಿ ತಡವಾಗಿ ಬಂತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಅಂತೂ ತೆರೆದದ್ದೇ 2021ರ ಏಪ್ರಿಲ್ 30ಕ್ಕೆ, ಅದೂ ಮೊದಲಿಗೆ ಆ ರಾಜ್ಯದವರಿಗೆ ಮಾತ್ರ.