ಭತ್ತದ ಗರಿ ಹಳದಿ: ಗೊಬ್ಬರದ ಕೊರತೆಯೋ, ಜಿಗಿಹುಳು ತಂದ ನಂಜೋ?

ಪ್ರಶ್ನೆ: ನಾಟಿ ಮಾಡಿ 25 ದಿನವಾಗಿದೆ. ಗದ್ದೆಯಲ್ಲಿ ಅಲ್ಲಲ್ಲಿ ಪೈರು ಗಿಡ್ಡವಾಗಿ, ಗರಿಗಳು ತುದಿಯಿಂದ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿವೆ. ಯೂರಿಯಾ ಕೊಟ್ಟರೂ ಹಸಿರಾಗಲಿಲ್ಲ. ಸತುವಿನ ಕೊರತೆ ಇರಬಹುದೇ?

ಉತ್ತರ: ನಿಮ್ಮ ವಿವರಣೆ ನೋಡಿದರೆ ಟುಂಗ್ರೋ ಎಂಬ ನಂಜುರೋಗದ (ವೈರಸ್ ರೋಗದ) ಅನುಮಾನವೇ ಹೆಚ್ಚು. ಸಾರಜನಕ ಕಡಿಮೆಯಾದರೆ ಹಳೆಯ ಗರಿಗಳು ಮೊದಲು ಹಳದಿಯಾಗುತ್ತವೆ, ಅದೂ ಗದ್ದೆಯ ತುಂಬ ಹೆಚ್ಚುಕಡಿಮೆ ಒಂದೇ ಸಮ. ಸತು ಸಾಲದಿದ್ದರೆ ಕೆಳಗಿನ ಗರಿಗಳ ಮೇಲೆ ತುಕ್ಕಿನಂಥ ಕಂದು ಚುಕ್ಕೆ ಏಳುತ್ತವೆ, ನೀರು ನಿಲ್ಲುವ ತಗ್ಗಿನಲ್ಲಿ ಜಾಸ್ತಿ. ಟುಂಗ್ರೋದಲ್ಲಿ ಹಾಗಲ್ಲ: ಕಿತ್ತಳೆ ಬಣ್ಣದ ಗುಣಿಯ (ಒಂದೆಡೆ ನೆಟ್ಟ ಪೈರಿನ ಗುಂಪಿನ) ಪಕ್ಕದಲ್ಲೇ ಹಚ್ಚಹಸಿರು ಗುಣಿ ನಿಂತಿರುತ್ತದೆ, ತೆಂಡೆಯೂ (ಬುಡದಿಂದ ಒಡೆಯುವ ಕವಲೂ) ಕಡಿಮೆ.

ಗದ್ದೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. 100 ಮಿ.ಲೀ. ನೀರಿಗೆ 6 ಗ್ರಾಂ ಪೊಟ್ಯಾಸಿಯಂ ಅಯೋಡೈಡ್, 2 ಗ್ರಾಂ ಅಯೋಡಿನ್ ಹಾಕಿ ಕರಗಿಸಿ. ಬೆಳಗ್ಗೆ 6ಕ್ಕೆ ಮುಂಚೆ ಗರಿಯ ತುದಿಯನ್ನು 10 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಕತ್ತರಿಸಿದ ಕಡೆಯನ್ನು ದ್ರಾವಣದಲ್ಲಿ 15 ನಿಮಿಷ ಅದ್ದಿಡಿ. ತೊಳೆದು ಹಿಂಡಿದಾಗ ಕಡುನೀಲಿ ಗೆರೆಗಳು ಕಂಡರೆ ಟುಂಗ್ರೋ ಎನ್ನಲು ಬಲವಾದ ಆಧಾರ ಸಿಕ್ಕಂತೆ. ರೋಗದ ಗರಿಯಲ್ಲಿ ಪಿಷ್ಟ ಕಟ್ಟಿಕೊಂಡಿರುತ್ತದೆ, ಅದಕ್ಕೇ ಈ ಬಣ್ಣ. ಬಿಸಿಲೇರಿದ ಮೇಲೆ ಕಿತ್ತರೆ ಚೆನ್ನಾಗಿರುವ ಗರಿಯಲ್ಲೂ ಪಿಷ್ಟ ಇರುತ್ತದೆ, ಪರೀಕ್ಷೆ ಕೆಡುತ್ತದೆ. ಹೋಲಿಸಿ ನೋಡಲು ಹಸಿರು ಗುಣಿಯ ಗರಿಯೊಂದನ್ನೂ ಜೊತೆಗೇ ಅದ್ದಿ.

ಪ್ರಶ್ನೆ: ಟುಂಗ್ರೋಗೆ ಯಾವ ಔಷಧಿ ಹೊಡೆಯಬೇಕು?

ಉತ್ತರ: ನಂಜಿಗೆ ಔಷಧಿ ಇಲ್ಲ. ಹೊಡೆಯುವುದೇನಿದ್ದರೂ ಅದನ್ನು ಹೊತ್ತು ತರುವ ಹಸಿರು ಜಿಗಿಹುಳುವಿಗೆ. ರೋಗದ ಗಿಡದ ರಸವನ್ನು ಅರ್ಧ ಗಂಟೆ ಹೀರಿದರೂ ಸಾಕು, ಹುಳು ನಾಲ್ಕೈದು ದಿನ ನಂಜು ಹರಡುತ್ತದೆ. ಪೊರೆ ಬಿಟ್ಟ ಮರಿಹುಳುವಿನಲ್ಲಿ ನಂಜು ಉಳಿಯುವುದಿಲ್ಲ, ಮೊಟ್ಟೆಗೂ ದಾಟುವುದಿಲ್ಲ. ಟುಂಗ್ರೋದಲ್ಲಿ ಎರಡು ವೈರಸ್‌ಗಳಿವೆ, ಒಂದು ಗುಂಡಗೆ, ಇನ್ನೊಂದು ಕಡ್ಡಿಯಂತೆ. ಬಣ್ಣ ಕೆಡಿಸಿ ಪೈರನ್ನು ಗಿಡ್ಡವಾಗಿಸುವುದು ಮುಖ್ಯವಾಗಿ ಕಡ್ಡಿಯದು, ಆದರೆ ಗುಂಡಗಿನದು ಜೊತೆಗಿಲ್ಲದೆ ಹುಳು ಅದನ್ನು ಸಾಗಿಸಲಾರದು. ಗುಂಡಗಿನದೊಂದೇ ಹೊಕ್ಕ ಗಿಡ ಹೆಚ್ಚುಕಡಿಮೆ ಆರೋಗ್ಯವಾಗಿಯೇ ಕಾಣುವುದರಿಂದ ಕಣ್ಣಿಗೆ ಮೋಸ.

ಹುಳು ಕಚ್ಚಿ ಒಂದೆರಡು ವಾರವಾದ ಮೇಲೆ ಲಕ್ಷಣ ಹೊರಬೀಳುತ್ತದೆ. ನಾಟಿಯಾದ ಕೂಡಲೇ ಗರಿ ಹಳದಿಯಾದರೆ ಸೋಂಕು ಸಸಿಮಡಿಯಲ್ಲೇ ತಗಲಿದೆ ಎಂದು ತಿಳಿಯಿರಿ. ಹಾಗಾಗಿ ಕಾವಲು ಬೇಕಾದದ್ದು ಅಲ್ಲಿ. ದೀಪದ ಕಂಬದ ಹತ್ತಿರ ಸಸಿಮಡಿ ಬೇಡ, ಬೆಳಕಿಗೆ ಹುಳು ಮುತ್ತುತ್ತವೆ. ರೋಗ ಪದೇ ಪದೇ ಬರುವ ಕಡೆ ಗುಣಿಗೆ 2 ಹುಳು ಕಂಡರೇ ಥಯಾಮೆಥಾಕ್ಸಾಮ್ 25 ಡಬ್ಲ್ಯೂಜಿ ಕೀಟನಾಶಕವನ್ನು ಲೀಟರ್ ನೀರಿಗೆ 0.2 ಗ್ರಾಂನಂತೆ ಬೆರೆಸಿ ಸಿಂಪಡಿಸಿ. ರೋಗದ ಗುಣಿ ಕೀಳುವುದಿದ್ದರೆ ಮೊದಲು ಸಿಂಪಡಣೆ, ಆಮೇಲೆ ಕೀಳುವುದು. ಹಲವರು ಇದನ್ನು ಹಿಂದುಮುಂದು ಮಾಡಿ, ಅಲುಗಾಡಿಸಿದ ಗುಣಿಯ ಹುಳುಗಳನ್ನು ಕೈಯಾರೆ ಪಕ್ಕದ ಪೈರಿಗೆ ಹಾರಿಸುತ್ತಾರೆ. ನಾಟಿಯಾಗಿ ಎರಡು ತಿಂಗಳು ಕಳೆದ ಮೇಲೆ ತಗಲಿದ ಸೋಂಕಿನಿಂದ ನಷ್ಟ ಕಡಿಮೆ, ಆಗ ಔಷಧಿಗೆ ದುಡ್ಡು ಸುರಿಯಬೇಡಿ.

ಪ್ರಶ್ನೆ: ನಮ್ಮಲ್ಲಿ ತೆಂಡೆ ವಿಪರೀತ, ಪೈರು ಹುಲ್ಲಿನ ಪೊದೆಯಂತಿದೆ, ತೆನೆಯೇ ಇಲ್ಲ. ಇದೂ ಟುಂಗ್ರೋವೇ?

ಉತ್ತರ: ಅಲ್ಲ. ಗರಿಗಳು ಸಣ್ಣಗೆ, ನೆಟ್ಟಗೆ, ತಿಳಿಹಸಿರಾಗಿದ್ದರೆ ಅದು ಹುಲ್ಲುಗಿಡ್ಡ ರೋಗ. ಗರಿಯ ಅಂಚು ಹರಿದು, ತುದಿ ಸುರುಳಿ ಸುತ್ತಿದ್ದರೆ ಚಿಂದಿಗಿಡ್ಡ ರೋಗ. ಎರಡನ್ನೂ ತರುವುದು ಕಂದು ಜಿಗಿಹುಳು, ಒಮ್ಮೆ ನಂಜು ಹೊಕ್ಕರೆ ಅದು ಸಾಯುವವರೆಗೂ ಹರಡುತ್ತದೆ. ಈ ಹುಳು ನೀರಿನ ಮಟ್ಟದ ಹತ್ತಿರ, ಪೈರಿನ ಬುಡದಲ್ಲಿ ಕೂರುತ್ತದೆ. ನೀರು ಬಸಿದು, ಸಿಂಪಡಣೆಯ ಮೂತಿಯನ್ನು ಬುಡಕ್ಕೆ ಹಿಡಿಯಿರಿ. ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಬೇಡವೇ ಬೇಡ, ಹುಳುವನ್ನು ತಿನ್ನುವ ಜೇಡಗಳು ಸತ್ತು ಹುಳು ಇಮ್ಮಡಿಯಾಗುತ್ತದೆ. ಮುಂದಿನ ಬೆಳೆಗೆ ಪ್ರತಿ 2.5 ಮೀಟರಿಗೆ 30 ಸೆಂ.ಮೀ. ಓಣಿ ಬಿಟ್ಟು ನಾಟಿ ಮಾಡಿ.

ಪ್ರಶ್ನೆ: ರೋಗ ಬಂದ ಗದ್ದೆಯ ಭತ್ತವನ್ನು ಬಿತ್ತನೆಗೆ ಇಡಬಹುದೇ?

ಉತ್ತರ: ಈ ಮೂರು ರೋಗಗಳೂ ಬೀಜದಿಂದ ಬರುವುದಿಲ್ಲ. ಜೊಳ್ಳು ಹೆಚ್ಚಿರುತ್ತದೆ, ಉಪ್ಪುನೀರಿನಲ್ಲಿ ತೇಲಿಸಿ ತೆಗೆದು, ಕಾಳನ್ನು ಒಳ್ಳೆಯ ನೀರಿನಲ್ಲಿ ತೊಳೆದರಾಯಿತು. ಬೀಜಕ್ಕಿಂತ ಕೂಳೆಯದೇ ಚಿಂತೆ. ಕೊಯ್ಲಾದ ಮೇಲೆ ಚಿಗುರುವ ಕೂಳೆಯಲ್ಲಿ ನಂಜೂ ಇರುತ್ತದೆ, ಹುಳುವೂ ಇರುತ್ತದೆ. ಮುಂದಿನ ಸಸಿಮಡಿ ಹಾಕುವ ಮುನ್ನವೇ ಅದನ್ನು ಉತ್ತು ಮಣ್ಣಿಗೆ ಸೇರಿಸಿ.