ಅಮೆರಿಕದ ಅಧ್ಯಕ್ಷರು ಬದಲಾದರೆ ದಕ್ಷಿಣ ಕೊರಿಯಾಕ್ಕೆ ಯಾಕೆ ಚಿಂತೆ?

ಎರಡೂ ದೇಶಗಳ ನಡುವೆ ರಕ್ಷಣಾ ಒಪ್ಪಂದ 1953ರಿಂದಲೂ ಇದೆ, ಅಧ್ಯಕ್ಷರು ಯಾರಾದರೇನು ಅಂತ ಕೇಳಿದ್ದೀರಿ. 2016ರ ನವೆಂಬರ್‌ನಲ್ಲಿ ನಾನು ಕೆಲಸದ ಮೇಲೆ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿದ್ದೆ. ಟ್ರಂಪ್ ಗೆದ್ದ ಅಮೆರಿಕದ ಚುನಾವಣೆಯ ಮತ ಎಣಿಕೆ ನಡೆಯುವಾಗ ಅಲ್ಲಿ ಹಗಲು. ಊಟದ ಹೊತ್ತಿಗೆ ಆಫೀಸಿನಲ್ಲಿ ಎಲ್ಲರ ಮೊಬೈಲ್‌ನಲ್ಲೂ ಅಮೆರಿಕದ ನಕ್ಷೆ. ನನ್ನ ಪಕ್ಕದ ಸಹೋದ್ಯೋಗಿ ತಟ್ಟೆ ಮುಟ್ಟಲೇ ಇಲ್ಲ. ಅವರ ಮಗ ಮುಂದಿನ ತಿಂಗಳು ಕಡ್ಡಾಯ ಸೇನಾ ಸೇವೆಗೆ ಹೊರಡುವವನಿದ್ದ. ಉತ್ತರ ಕೊರಿಯಾದ ಗಡಿ ಅಲ್ಲಿಂದ ಸುಮಾರು 50 ಕಿಲೋಮೀಟರ್, ನಮಗೆ ಬೆಂಗಳೂರಿನಿಂದ ರಾಮನಗರ ಇದ್ದ ಹಾಗೆ. ಮೆಟ್ರೋ ನಿಲ್ದಾಣದ ಕಪಾಟಿನಲ್ಲಿ ವಿಷಾನಿಲ ತಡೆಯುವ ಮುಖವಾಡ ಇಟ್ಟಿರುತ್ತಾರೆ.

ಕೊರಿಯನ್ನರಿಗೆ ಹಳೆಯ ಅನುಭವವೂ ಇದೆ. ಏಷ್ಯಾದ ಮಿತ್ರರು ತಮ್ಮ ಹೊರೆ ತಾವೇ ಹೊರಬೇಕು ಅಂತ 1969ರಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ನಿಕ್ಸನ್ ಹೇಳಿದರು. 1971ರಲ್ಲಿ ದಕ್ಷಿಣ ಕೊರಿಯಾದಲ್ಲಿದ್ದ ತಮ್ಮ ಸುಮಾರು 20,000 ಸೈನಿಕರನ್ನು ವಾಪಸ್ ಕರೆಸಿಯೇಬಿಟ್ಟರು. ಆಗ ದಕ್ಷಿಣ ಕೊರಿಯಾದ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಸುಮ್ನೆ ಕೂರಲಿಲ್ಲ, ಗುಟ್ಟಾಗಿ ಅಣುಬಾಂಬ್ ಕೆಲಸಕ್ಕೆ ಕೈಹಾಕಿದರು. ಅಮೆರಿಕ ಒತ್ತಡ ಹಾಕಿ ಅದನ್ನು ನಿಲ್ಲಿಸಬೇಕಾಯಿತು. ನನಗೆ ಇದೇ ಮುಖ್ಯ ಅನಿಸುತ್ತದೆ. ದೊಡ್ಡಣ್ಣನ ಮೇಲೆ ನಂಬಿಕೆ ಸಡಿಲವಾದರೆ ಮಿತ್ರದೇಶ ತನ್ನ ದಾರಿ ತಾನು ಹುಡುಕುತ್ತದೆ. ಅದರಿಂದ ಅಕ್ಕಪಕ್ಕದವರಿಗೂ ನಿದ್ದೆ ಇರುವುದಿಲ್ಲ.

ಆಮೇಲೆ ಬಂದ ಅಮೆರಿಕದ ಅಧ್ಯಕ್ಷ ಕಾರ್ಟರ್ ಅಲ್ಲಿದ್ದ ಭೂಸೇನೆಯನ್ನೇ ಹಿಂತೆಗೆಯಲು ಹೊರಟರು. ಅವರ ಸೇನೆ, ಸಂಸತ್ತಿನಿಂದಲೇ ವಿರೋಧ ಬಂದು 1979ರಲ್ಲಿ ಯೋಜನೆ ನಿಂತಿತು. ಅಂದರೆ ಅಧ್ಯಕ್ಷರಿಗೂ ಕಡಿವಾಣ ಇದೆ, ಅಲ್ವಾ? ಆದರೆ ಕಡಿವಾಣ ಬೀಳುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಎದುರಿಗಿರುವ ಉತ್ತರ ಕೊರಿಯಾದವರು ಆ ಎರಡು ವರ್ಷವನ್ನೂ ಗಮನಿಸುತ್ತಿರುತ್ತಾರೆ.

2018ರ ಜೂನ್ 12ರಂದು ಸಿಂಗಾಪುರದಲ್ಲಿ ಉತ್ತರ ಕೊರಿಯಾದ ನಾಯಕ ಕಿಮ್ ಜಾಂಗ್ ಉನ್ ಅವರನ್ನು ಭೇಟಿಯಾದ ಟ್ರಂಪ್, ದಕ್ಷಿಣ ಕೊರಿಯಾದ ಜೊತೆಗಿನ ಸೇನಾ ಕವಾಯತು ನಿಲ್ಲಿಸುವುದಾಗಿ ಪತ್ರಕರ್ತರ ಮುಂದೆ ಹೇಳಿಬಿಟ್ಟರು. ಸೋಲ್‌ನ ಸೇನಾ ಅಧಿಕಾರಿಗಳಿಗೇ ಅದು ಅನಿರೀಕ್ಷಿತ. ಮುಂದೆ ಅಲ್ಲಿರುವ ಅಮೆರಿಕದ ಸೈನಿಕರ ಖರ್ಚಿಗೆ ಅಂತ ದಕ್ಷಿಣ ಕೊರಿಯಾದಿಂದ ವರ್ಷಕ್ಕೆ 500 ಕೋಟಿ ಡಾಲರ್ ಕೇಳಿದರು, ಮೊದಲಿನದ್ದಕ್ಕಿಂತ ಸುಮಾರು ಐದು ಪಟ್ಟು ಜಾಸ್ತಿ. ಬೈಡನ್ ಬಂದ ಮೇಲೆ ಆ ಜಗಳ ಮುಗಿಯಿತು. 2023ರ ಜುಲೈನಲ್ಲಿ ಅಣ್ವಸ್ತ್ರ ಹೊರುವ ಅಮೆರಿಕದ ಜಲಾಂತರ್ಗಾಮಿ ಭರವಸೆ ತುಂಬಲು ದಕ್ಷಿಣ ಕೊರಿಯಾದ ಬುಸಾನ್ ಬಂದರಿಗೆ ಬಂತು. 1981ರ ನಂತರ ಇದೇ ಮೊದಲು.

ಇಷ್ಟೆಲ್ಲ ಆಗುವಾಗಲೂ ಅಲ್ಲಿರುವ ಅಮೆರಿಕದ ಸೈನಿಕರ ಸಂಖ್ಯೆ ಹೆಚ್ಚೂಕಡಿಮೆ 28,500ರಲ್ಲೇ ಇತ್ತು. ಆದರೂ 2022ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ದಕ್ಷಿಣ ಕೊರಿಯನ್ನರಲ್ಲಿ ನೂರಕ್ಕೆ 71 ಜನ ನಮ್ಮದೇ ಅಣುಬಾಂಬ್ ಬೇಕು ಅಂದಿದ್ದರು. ಅದು ಆಗಬಾರದು ಅಂತಲೇ ನನ್ನ ಆಸೆ. ಆದರೆ ಅವತ್ತು ಊಟ ಬಿಟ್ಟು ಕೂತಿದ್ದ ಆ ತಂದೆಯ ಮುಖ ನೆನೆದರೆ, ಅವರು ಕೇಳುವುದು ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.